ಪಾಸ್‌ಪೋರ್ಟಿನ ತಾರೀಖು ಗೊತ್ತು, ಲೈಸೆನ್ಸಿನದು?

ಗಲ್ಫಿನಲ್ಲಿ ಮಗನೋ ಅಳಿಯನೋ ಇರುವ ಯಾವ ಮನೆಗಾದರೂ ಹೋಗಿ, ಪಾಸ್‌ಪೋರ್ಟಿನ ಅವಧಿ ಯಾವಾಗ ಮುಗಿಯುತ್ತದೆ ಎಂದು ಕೇಳಿ ನೋಡಿ. ಮನೆಯ ಹೆಂಗಸರೇ ತಟ್ಟನೆ ಉತ್ತರ ಕೊಡುತ್ತಾರೆ. ಇಕಾಮಾ ಯಾವಾಗ ಹೊಸದಾಯಿತು, ವೀಸಾ ಎಲ್ಲಿಯವರೆಗಿದೆ, ರಜೆ ಯಾವ ತಿಂಗಳು, ಎಲ್ಲವೂ ಬಾಯಿಪಾಠ. ಅದೇ ಪರ್ಸಿನಲ್ಲಿ, ಅದೇ ಕಾರ್ಡುಗಳ ನಡುವೆ ಇರುವ ಡ್ರೈವಿಂಗ್ ಲೈಸೆನ್ಸಿನ ತಾರೀಖು ಮಾತ್ರ ಯಾರಿಗೂ ನೆನಪಿರುವುದಿಲ್ಲ. ಒಮ್ಮೆ ಮಾಡಿಸಿದರೆ ಮುಗಿಯಿತು, ಜೀವ ಇರುವ ತನಕ ಅದೂ ಇರುತ್ತದೆ ಎಂಬ ಭಾವನೆ ನಮ್ಮಲ್ಲಿದೆ. ಹಾಗಿಲ್ಲ. ಹೊರದೇಶದಲ್ಲಿ ನೆಲೆಸಿದವರಿಗಂತೂ ಖಂಡಿತ ಹಾಗಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲೂಕುಗಳು ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರ ಮೇ ತಿಂಗಳಲ್ಲಿ ಸರಕಾರ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಹೆಸರು ಏನೇ ಇರಲಿ, ಕೆಎ-42 ಎಂಬ ನಂಬರ್ ಪ್ಲೇಟ್ ಕಂಡರೆ ನಮ್ಮ ಕಡೆಯ ಗಾಡಿ ಎಂದು ಎಲ್ಲರಿಗೂ ತಿಳಿಯುತ್ತದೆ. ಇಲ್ಲಿನ ನಮ್ಮವರು ಅನೇಕರು ರೇಷ್ಮೆ ನೂಲು ತೆಗೆಯುವುದರಲ್ಲಿ, ಬೊಂಬೆ ಕೆಲಸದಲ್ಲಿ, ಸಣ್ಣಪುಟ್ಟ ವ್ಯಾಪಾರದಲ್ಲಿ ಬದುಕು ಕಟ್ಟಿಕೊಂಡವರು. ನೂಲಿನ ಬೆಲೆ ಇಳಿದ ವರ್ಷಗಳಲ್ಲಿ ಮನೆಯ ಹುಡುಗರು ಬೇರೆ ದಾರಿ ಹುಡುಕುತ್ತಾರೆ. ಪದವಿ ಇಲ್ಲದಿದ್ದರೂ ಸ್ಟಿಯರಿಂಗ್ ಹಿಡಿಯಲು ಬಂದರೆ ಹೌಸ್ ಡ್ರೈವರ್ ವೀಸಾ ಸಿಗುತ್ತದೆ. ಮುಂದೆ ಸಂಬಳ ಸ್ವಲ್ಪ ಏರಿದವರು ಹೆಂಡತಿ ಮಕ್ಕಳನ್ನೂ ಕರೆಸಿಕೊಳ್ಳುತ್ತಾರೆ. ಹೀಗೆ ಹೋಗುವ ಇಬ್ಬರಿಗೂ, ಅಂದರೆ ಗಾಡಿ ಓಡಿಸಿ ಅನ್ನ ಸಂಪಾದಿಸುವ ಗಂಡನಿಗೂ ಮಕ್ಕಳನ್ನು ಶಾಲೆಗೆ ಬಿಡಬೇಕಾದ ಹೆಂಡತಿಗೂ, ಆ ಪುಟ್ಟ ಕಾರ್ಡೇ ಆಧಾರ.

ಮೊದಲು ಒಂದು ತಪ್ಪು ತಿಳುವಳಿಕೆಯನ್ನು ಬಿಡೋಣ. 'ಇಂಟರ್‌ನ್ಯಾಶನಲ್ ಲೈಸೆನ್ಸ್ ಮಾಡಿಸಿಕೊಂಡು ಹೋದರೆ ಎಲ್ಲಿ ಬೇಕಾದರೂ ಓಡಿಸಬಹುದು' ಎಂದು ನಮ್ಮ ಊರುಗಳಲ್ಲಿ ಹೇಳುವುದನ್ನು ನೀವೂ ಕೇಳಿರುತ್ತೀರಿ. ಅದರ ಸರಿಯಾದ ಹೆಸರು ಇಂಟರ್‌ನ್ಯಾಶನಲ್ ಡ್ರೈವಿಂಗ್ ಪರ್ಮಿಟ್. 1949ರಲ್ಲಿ ಜಿನೀವಾದಲ್ಲಿ ಆದ ರಸ್ತೆ ಸಂಚಾರ ಒಪ್ಪಂದದ ಪ್ರಕಾರ ಇದನ್ನು ಕೊಡುತ್ತಾರೆ. ನಮ್ಮ ಆರ್‌ಟಿಒ ಕಚೇರಿಯಲ್ಲಿ 4-ಎ ನಮೂನೆಯಲ್ಲಿ ಅರ್ಜಿ ಹಾಕಬೇಕು, ಶುಲ್ಕ 1,000 ರೂಪಾಯಿ. ಇದರ ಆಯುಷ್ಯ ಒಂದೇ ವರ್ಷ. ಅಷ್ಟರೊಳಗೆ ಭಾರತದ ಮೂಲ ಲೈಸೆನ್ಸ್ ಮುಗಿದರೆ ಇದೂ ಅದರ ಜೊತೆಗೇ ಮುಗಿಯುತ್ತದೆ. ಒಂದು ರೀತಿಯಲ್ಲಿ ಇದು ನಮ್ಮ ಲೈಸೆನ್ಸಿನ ಅನುವಾದ, ಅಷ್ಟೆ. ಸ್ವತಂತ್ರವಾದ ಲೈಸೆನ್ಸ್ ಅಲ್ಲ. ಭೇಟಿಗೆಂದು ಹೋದವರಿಗೆ, ವಿಸಿಟ್ ವೀಸಾದವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಯುಎಇಯಲ್ಲಿ ರೆಸಿಡೆನ್ಸ್ ವೀಸಾ ಸಿಕ್ಕಿದ ಮೇಲೆ ಭಾರತೀಯರು ಈ ಪರ್ಮಿಟ್ ತೋರಿಸಿ ಗಾಡಿ ಓಡಿಸುವಂತಿಲ್ಲ, ಅಲ್ಲಿನ ಲೈಸೆನ್ಸೇ ಆಗಬೇಕು. ಬ್ರಿಟನ್ನಿನಲ್ಲಿ ಸ್ವಲ್ಪ ಉದಾರತೆ ಇದೆ. ಅಲ್ಲಿ ನೆಲೆಸಿದ ದಿನದಿಂದ 12 ತಿಂಗಳು ನಮ್ಮ ಲೈಸೆನ್ಸಿನಲ್ಲೇ ಓಡಿಸಬಹುದು, ಆಮೇಲೆ ಅವರ ಪರೀಕ್ಷೆಗಳನ್ನು ಬರೆದು ಪಾಸಾಗಬೇಕು.

ಇದು ಬರೀ ದಂಡದ ಪ್ರಶ್ನೆಯಲ್ಲ ಸಹೋದರಿಯರೇ. ಯುಎಇಯಲ್ಲಿ ತಪ್ಪಿ ಆದ ಸಾವಿಗೆ ಕೊಡಬೇಕಾದ ದಿಯತ್ ಮೊತ್ತವನ್ನು 2003ರ ಕಾನೂನು 2 ಲಕ್ಷ ದಿರ್ಹಮ್ ಎಂದು ಗೊತ್ತುಮಾಡಿತು. ಗಾಡಿಗೆ ವಿಮೆ ಇದ್ದರೆ ವಿಮಾ ಕಂಪೆನಿ ಆ ಹಣ ಕಟ್ಟುತ್ತದೆ. ಆದರೆ ಓಡಿಸುತ್ತಿದ್ದವರ ಲೈಸೆನ್ಸ್ ಊರ್ಜಿತವಲ್ಲ ಎಂದಾದರೆ, ಕಟ್ಟಿದ ಹಣವನ್ನು ಅವರಿಂದಲೇ ವಸೂಲು ಮಾಡುವ ಹಕ್ಕು ಕಂಪೆನಿಗಿದೆ. 'ಇಲ್ಲೇ ಪಕ್ಕದ ಸೂಪರ್ ಮಾರ್ಕೆಟ್ಟಿಗೆ ತಾನೆ' ಎಂದು ಗಂಡನ ಕಾರಿನ ಕೀಲಿ ತೆಗೆದುಕೊಳ್ಳುವ ಮೊದಲು ಈ ಲೆಕ್ಕ ನೆನಪಿರಲಿ.

ಅಲ್ಲಿನ ಲೈಸೆನ್ಸ್ ಪಡೆಯುವುದು ಸುಲಭವೇ? ಅಲ್ಲ. ಯುಎಇ ಕೆಲವು ದೇಶಗಳ ಲೈಸೆನ್ಸನ್ನು ನೇರವಾಗಿ ಬದಲಾಯಿಸಿಕೊಡುತ್ತದೆ, ಭಾರತ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಊರಿನಲ್ಲಿ ಹತ್ತು ವರ್ಷ ಓಡಿಸಿದವರೂ ಅಲ್ಲಿ ಡ್ರೈವಿಂಗ್ ಶಾಲೆ ಸೇರಬೇಕು, ಥಿಯರಿ ಪರೀಕ್ಷೆ ಬರೆಯಬೇಕು, ರಸ್ತೆ ಪರೀಕ್ಷೆ ಕೊಡಬೇಕು. ಒಂದೆರಡು ಸಲ ಫೇಲಾದರೆ ಖರ್ಚು ತಿಂಗಳ ಸಂಬಳವನ್ನು ಮೀರುತ್ತದೆ. 2023ರ ಏಪ್ರಿಲಿನಲ್ಲಿ ದುಬೈ ಸಾರಿಗೆ ಪ್ರಾಧಿಕಾರ 'ಗೋಲ್ಡನ್ ಚಾನ್ಸ್' ಎಂಬ ವ್ಯವಸ್ಥೆ ತಂದಿತು. ತಮ್ಮ ದೇಶದ ಊರ್ಜಿತ ಲೈಸೆನ್ಸ್ ಇರುವವರು ತರಗತಿಗಳಿಗೆ ಹೋಗದೆ ನೇರವಾಗಿ ಪರೀಕ್ಷೆಗೆ ಕೂರಬಹುದು, ಆದರೆ ಒಂದೇ ಅವಕಾಶ. ಪಾಸಾದರೆ ಹಣ ಉಳಿಯಿತು, ಇಲ್ಲದಿದ್ದರೆ ಮತ್ತೆ ಶಾಲೆಯೇ ಗತಿ. ಇಲ್ಲಿ ಗಮನಿಸಬೇಕಾದ್ದು 'ಊರ್ಜಿತ' ಎಂಬ ಮಾತು. ಊರಿನ ಲೈಸೆನ್ಸ್ ಮುಗಿದುಹೋಗಿದ್ದರೆ ಆ ಒಂದು ಅವಕಾಶವೂ ಇಲ್ಲ.

ಸೌದಿಯ ಕಥೆ ಬೇರೆ. ಅಲ್ಲಿ 1990ರ ನವೆಂಬರ್ 6ರಂದು 47 ಮಹಿಳೆಯರು ರಿಯಾದಿನ ರಸ್ತೆಗಳಲ್ಲಿ ಕಾರು ಓಡಿಸಿ ಕಷ್ಟಕ್ಕೆ ಸಿಲುಕಿದರು. 2011ರಲ್ಲಿ ಮನಾಲ್ ಅಲ್ ಶರೀಫ್ ಎಂಬ ಮಹಿಳೆ ಅದೇ ಕಾರಣಕ್ಕೆ ಬಂಧನಕ್ಕೊಳಗಾದರು. 2017ರ ಸೆಪ್ಟೆಂಬರಿನಲ್ಲಿ ದೊರೆಯ ಆದೇಶ ಹೊರಬಿತ್ತು. 2018ರ ಜೂನ್ 4ರಂದು ಹತ್ತು ಮಹಿಳೆಯರ ಕೈಗೆ ಲೈಸೆನ್ಸ್ ಬಂತು, ಜೂನ್ 24ರಿಂದ ಹೆಂಗಸರು ಕಾರು ಓಡಿಸತೊಡಗಿದರು. ಆ ಹತ್ತು ಮಂದಿಗೆ ಅಷ್ಟು ಬೇಗ ಸಿಕ್ಕಿದ್ದು ಹೇಗೆ ಗೊತ್ತೇ? ಅವರು ಬೇರೆ ದೇಶಗಳಲ್ಲಿದ್ದಾಗ ಅಲ್ಲಿನ ಲೈಸೆನ್ಸ್ ಮಾಡಿಸಿಟ್ಟುಕೊಂಡಿದ್ದರು, ಅದನ್ನೇ ಬದಲಾಯಿಸಿಕೊಂಡರು. ಅಷ್ಟು ವರ್ಷ ಉಪಯೋಗಕ್ಕೆ ಬಾರದೆ ಬಿದ್ದಿದ್ದ ಕಾರ್ಡು ಒಂದು ದಿನ ಕೈಹಿಡಿಯಿತು.

ಸೌದಿಯಲ್ಲಿ ಹೆಂಗಸರು ಓಡಿಸಿದರೆ ನಮ್ಮ ಹೌಸ್ ಡ್ರೈವರ್‌ಗಳ ಕೆಲಸ ಹೋಗುತ್ತದೆ ಎಂಬ ಭಯ ಆಗ ಊರ ತುಂಬ ಇತ್ತು. ಆ ವೀಸಾ ನಿಂತುಹೋಗಲಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಗಂಡನ ಜೊತೆ ದಮ್ಮಾಮಿನಲ್ಲೋ ಜಿದ್ದಾದಲ್ಲೋ ಇರುವ ನಮ್ಮ ಹೆಣ್ಣುಮಕ್ಕಳಿಗೂ ಅಂದಿನಿಂದ ಈ ದಾರಿ ತೆರೆದಿದೆ. ಸೌದಿ ಲೈಸೆನ್ಸಿನ ಶುಲ್ಕ ವರ್ಷಕ್ಕೆ 40 ರಿಯಾಲಿನ ಲೆಕ್ಕ. ಎರಡು, ಐದು ಅಥವಾ ಹತ್ತು ವರ್ಷಕ್ಕೆ ಮಾಡಿಸಬಹುದು.

ಕುವೈತಿನಲ್ಲಿ ಲೈಸೆನ್ಸ್ ನಿಮ್ಮ ಕೈಚಳಕವನ್ನು ಮಾತ್ರ ನೋಡುವುದಿಲ್ಲ, ಹೊರದೇಶದವರ ಸಂಬಳವನ್ನೂ ನೋಡುತ್ತದೆ. ಪದವಿ, 600 ದಿನಾರ್ ಸಂಬಳ, ಎರಡು ವರ್ಷದ ವಾಸ ಎಂಬ ಷರತ್ತುಗಳನ್ನು ಆ ದೇಶ ಹಾಕಿತು. ಡ್ರೈವರ್ ಕೆಲಸಕ್ಕೇ ಬಂದವರಿಗೆ ವಿನಾಯಿತಿ ಕೊಟ್ಟಿತು. ಅಂದರೆ ಡ್ರೈವರ್ ಎಂದು ಹೋದವನು ಆಮೇಲೆ ಬೇರೆ ಕೆಲಸಕ್ಕೆ ವೀಸಾ ಬದಲಾಯಿಸಿದರೆ ಲೈಸೆನ್ಸಿಗೂ ಕುತ್ತು. 2025ರಲ್ಲಿ ಅಲ್ಲಿನ ಸರಕಾರ ಹೊರದೇಶದವರ ಲೈಸೆನ್ಸಿನ ಅವಧಿಯನ್ನು ಐದು ವರ್ಷಕ್ಕೆ ಏರಿಸಿತು. ಅದಕ್ಕೆ ಮೊದಲು ಇನ್ನೂ ಬೇಗ ಬೇಗ ನವೀಕರಿಸುವ ಪಾಡು ಇತ್ತು.

ಈಗ ಊರಿನ ಲೈಸೆನ್ಸಿಗೆ ಬರೋಣ. ನಮ್ಮ ಹೆಚ್ಚಿನ ಮನೆಗಳು ಎಡವುವುದು ಇಲ್ಲೇ. ಮೊದಲು ಲೈಸೆನ್ಸ್ ಮುಗಿದ ಐದು ವರ್ಷದೊಳಗೆ ಪರೀಕ್ಷೆ ಇಲ್ಲದೆ ರಿನ್ಯೂ ಮಾಡಿಸಬಹುದಿತ್ತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಅದನ್ನು ಒಂದು ವರ್ಷಕ್ಕೆ ಇಳಿಸಿತು. ಒಂದು ವರ್ಷ ದಾಟಿದರೆ ಮತ್ತೆ ಡ್ರೈವಿಂಗ್ ಪರೀಕ್ಷೆ ಕೊಡಬೇಕು. ಹಿಂದೆ ಇದ್ದ 30 ದಿನಗಳ ರಿಯಾಯಿತಿಯೂ ಹೋಯಿತು, ತಾರೀಖು ಮುಗಿದ ಮರುದಿನದಿಂದಲೇ ಓಡಿಸುವಂತಿಲ್ಲ. ಅವಧಿಯ ಲೆಕ್ಕವೂ ಬದಲಾಗಿದೆ. ಮೂವತ್ತು ವರ್ಷದೊಳಗೆ ಮಾಡಿಸಿದರೆ ನಲವತ್ತು ತುಂಬುವವರೆಗೆ, ಮೂವತ್ತರಿಂದ ಐವತ್ತರೊಳಗೆ ಮಾಡಿಸಿದರೆ ಹತ್ತು ವರ್ಷ. ಐವತ್ತು ದಾಟಿದವರಿಗೆ ಅರವತ್ತರವರೆಗೆ, ಐವತ್ತೈದು ದಾಟಿದ ಮೇಲೆ ಐದೈದು ವರ್ಷ.

ಚನ್ನಪಟ್ಟಣದ ಒಬ್ಬ ಸಹೋದರಿ ಮದುವೆಗೆ ಮೊದಲೇ ಕಾರು ಕಲಿತವರು. ಗಂಡನ ಜೊತೆ ಸೌದಿಗೆ ಹೋದರು, ಎರಡು ಹೆರಿಗೆ ಆಯಿತು, ನಡುವೆ ಕೊರೋನಾ ಬಂತು. ಊರಿಗೆ ಬಂದು ಪೆಟ್ಟಿಗೆ ತೆಗೆದು ನೋಡಿದರೆ ಲೈಸೆನ್ಸ್ ಮುಗಿದು ಎರಡು ವರ್ಷ. ಓಡಿಸಲು ಬರುತ್ತದೆ, ಆದರೆ ಹದಿನೆಂಟರ ಹುಡುಗಿಯರ ಜೊತೆ ಸಾಲಿನಲ್ಲಿ ನಿಂತು ಮತ್ತೆ ಪರೀಕ್ಷೆ ಕೊಡಬೇಕಾಯಿತು. ಅವರು ನಗುತ್ತಲೇ ಹೇಳಿದರು, ಆದರೆ ಆ ರಜೆಯ ಅರ್ಧ ಇದರಲ್ಲೇ ಕಳೆಯಿತು.

ಹೊರದೇಶದಲ್ಲಿದ್ದುಕೊಂಡೇ ರಿನ್ಯೂ ಮಾಡಿಸಲಾಗದೇ ಎಂದು ಕೇಳುತ್ತೀರಿ. 2021ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಪರೀಕ್ಷೆ ಬೇಕಿಲ್ಲದ ರಿನ್ಯೂವಲ್, ವಿಳಾಸ ಬದಲಾವಣೆ, ಡೂಪ್ಲಿಕೇಟ್ ಮುಂತಾದ 18 ಸೇವೆಗಳನ್ನು ಆಧಾರ್ ಮೂಲಕ ಆನ್‌ಲೈನಿನಲ್ಲಿ ಕೊಡಲು ದಾರಿ ಮಾಡಿತು. ಕೇಳಲು ಬಹಳ ಸುಲಭ. ತೊಡಕು ಇರುವುದು ಫೋನ್ ನಂಬರಿನಲ್ಲಿ. ಆಧಾರ್‌ನ ಒಟಿಪಿ ಬರುವುದು ಊರಿನ ಹಳೆಯ ನಂಬರಿಗೆ. ಗಲ್ಫಿಗೆ ಹೋದ ಮೇಲೆ ಅದಕ್ಕೆ ರೀಚಾರ್ಜ್ ಮಾಡಿಸುವವರಿಲ್ಲ, ಕೆಲವು ತಿಂಗಳಾದ ಮೇಲೆ ಕಂಪೆನಿ ಆ ನಂಬರನ್ನು ಬೇರೆ ಯಾರಿಗೋ ಕೊಟ್ಟುಬಿಡುತ್ತದೆ. ಆಮೇಲೆ ಎಲ್ಲ ಬಾಗಿಲೂ ಮುಚ್ಚಿದ ಹಾಗೆ. ಆ ಸಿಮ್ಮನ್ನು ಅಮ್ಮಿಯ ಕೈಗೋ ಅತ್ತೆಯ ಕೈಗೋ ಕೊಟ್ಟು, ಕಡಿಮೆ ಹಣದ ರೀಚಾರ್ಜ್ ಮಾಡಿಸುತ್ತಿರಲು ಹೇಳಿ ಹೋಗಿ. ಇನ್ನೊಂದು ವಿಷಯ, ನಲವತ್ತು ದಾಟಿದವರಿಗೆ ವೈದ್ಯರು ಸಹಿ ಮಾಡಿದ 1-ಎ ನಮೂನೆಯ ಪ್ರಮಾಣಪತ್ರ ಬೇಕು. ಅದನ್ನು ರಜೆಯಲ್ಲಿ ಬಂದಾಗಲೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಆ ಒಂದು ವರ್ಷದ ಇಂಟರ್‌ನ್ಯಾಶನಲ್ ಪರ್ಮಿಟ್ ಹೊರದೇಶದಲ್ಲಿದ್ದಾಗಲೇ ಮುಗಿದರೆ ಹಿಂದೆ ದಾರಿ ಇರಲಿಲ್ಲ. 2021ರ ಜನವರಿಯಲ್ಲಿ ನಿಯಮ ತಿದ್ದಿದರು. ಈಗ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕಿದರೆ ಅದು ಊರಿನ ಆರ್‌ಟಿಒಗೆ ಹೋಗಿ, ಹೊಸ ಪರ್ಮಿಟ್ ಕೊರಿಯರಿನಲ್ಲಿ ಅಲ್ಲಿಗೇ ಬರುವ ವ್ಯವಸ್ಥೆ ಇದೆ.

ನಮ್ಮ ಹೆಂಗಸರಿಗೆ ವಿಶೇಷವಾಗಿ ಕಾಡುವುದು ಹೆಸರು. ಲೈಸೆನ್ಸಿನಲ್ಲಿ ಬಾನು, ಪಾಸ್‌ಪೋರ್ಟಿನಲ್ಲಿ ಬೇಗಂ, ಆಧಾರಿನಲ್ಲಿ ಎರಡೂ ಇಲ್ಲ. ಒಂದರಲ್ಲಿ ಅಬ್ಬಾನ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು. ಗಂಡಸರಿಗೂ ಮುಹಮ್ಮದ್ ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ತರಹ ಬರೆದಿರುತ್ತಾರೆ. ಹೊರದೇಶದ ಕಚೇರಿಯವನಿಗೆ ಇದು ಒಬ್ಬರೇ ಎಂದು ಹೇಗೆ ತಿಳಿಯಬೇಕು? ಆತ ಅರ್ಜಿಯನ್ನು ಹಿಂದಕ್ಕೆ ತಳ್ಳುತ್ತಾನೆ. ಊರಿನಲ್ಲಿದ್ದಾಗಲೇ ಲೈಸೆನ್ಸಿನ ಹೆಸರನ್ನು ಪಾಸ್‌ಪೋರ್ಟಿಗೆ ಹೊಂದುವಂತೆ ತಿದ್ದಿಸಿಕೊಳ್ಳಿ. ಪುಸ್ತಕದ ರೂಪದ ಹಳೆಯ ಕೈಬರಹದ ಲೈಸೆನ್ಸ್ ಇರುವವರು ಅದು ಸಾರಥಿ ಕಂಪ್ಯೂಟರ್ ದಾಖಲೆಯಲ್ಲಿ ಸೇರಿದೆಯೇ ಎಂದೂ ನೋಡಿಸಿ.

ಇನ್ನು ಸ್ಕೂಟಿ ಓಡಿಸುವ ನಮ್ಮ ಹುಡುಗಿಯರ ಮಾತು. ಗೇರ್ ಇಲ್ಲದ ದ್ವಿಚಕ್ರದ ಲೈಸೆನ್ಸ್ ಕಾರಿಗೆ ಆಗುವುದಿಲ್ಲ. ಮದುವೆಯಾಗಿ ಗಲ್ಫಿಗೆ ಹೋಗುವ ಯೋಚನೆ ಇದ್ದರೆ ಇಲ್ಲೇ ಲಘು ವಾಹನದ ಲೈಸೆನ್ಸನ್ನೂ ಸೇರಿಸಿಕೊಳ್ಳುವುದು ಜಾಣತನ. ನನ್ನ ಕೇಳಿದರೆ, ನಿಕಾಹ್‌ಗೆ ಮೊದಲು ಹೊಲಿಗೆ ಕಲಿಸುವ ತಾಯಂದಿರು ಇದನ್ನೂ ಕಲಿಸಲಿ. ಆದರೆ ದಿನಗಳ ಲೆಕ್ಕ ನೋಡಿಕೊಳ್ಳಿ. ಎಲ್ಎಲ್ ಸಿಕ್ಕಿ 30 ದಿನ ಆಗದೆ ಪರೀಕ್ಷೆಗೆ ಬಿಡುವುದಿಲ್ಲ, ಎಲ್ಎಲ್ ಆರು ತಿಂಗಳು ಇರುತ್ತದೆ. ಒಂದೇ ತಿಂಗಳ ರಜೆಯಲ್ಲಿ ಬಂದವರು ಎಲ್ಎಲ್ ಕೈಯಲ್ಲಿ ಹಿಡಿದುಕೊಂಡೇ ವಿಮಾನ ಹತ್ತಬೇಕಾಗುತ್ತದೆ.

ಖಾಯಂ ಆಗಿ ಊರಿಗೆ ಮರಳುವವರಿಗೆ ಒಂದು ಒಳ್ಳೆಯ ಸುದ್ದಿ ಇದೆ, ಬಹಳ ಜನರಿಗೆ ಇದು ಗೊತ್ತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಹೊರದೇಶದ ಅಧಿಕೃತ ಲೈಸೆನ್ಸ್ ಇರುವವರಿಗೆ, ವೈದ್ಯಕೀಯ ಷರತ್ತು ಪೂರೈಸಿದರೆ, ಅದೇ ವರ್ಗದ ವಾಹನಕ್ಕೆ ಡ್ರೈವಿಂಗ್ ಪರೀಕ್ಷೆಯಿಂದ ವಿನಾಯಿತಿ ಇದೆ. ಹಾಗಾಗಿ ವೀಸಾ ರದ್ದಾಗುವ ಮೊದಲು ಅಲ್ಲಿನ ಲೈಸೆನ್ಸನ್ನೂ ಜೀವಂತ ಇಟ್ಟುಕೊಳ್ಳಿ. ದುಬೈಯಲ್ಲಿ ರಿನ್ಯೂವಲ್‌ಗೆ ಎಮಿರೇಟ್ಸ್ ಐಡಿ ಬೇಕು, ಕಣ್ಣಿನ ಪರೀಕ್ಷೆ ಆಗಬೇಕು, ಬಾಕಿ ದಂಡ ಕಟ್ಟಿರಬೇಕು. ವೀಸಾ ಹೋದ ಮೇಲೆ ಇದಾವುದೂ ಆಗದು.

ಗಲ್ಫಿನಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಿ ಬಂದವರು ಇಲ್ಲಿ ಮೊದಲ ವಾರ ಎಚ್ಚರದಿಂದಿರಬೇಕು, ವಿಶೇಷವಾಗಿ ತಿರುವುಗಳಲ್ಲಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಕಂಡರೆ ಗಲ್ಫಿನ ರಸ್ತೆಯೇ ನೆನಪಾಗುತ್ತದೆ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ, ಆಟೋ ನಿಷಿದ್ಧ. ಚನ್ನಪಟ್ಟಣದಿಂದ ರಾಮನಗರಕ್ಕೆ ಸ್ಕೂಟಿಯಲ್ಲಿ ಹೋಗುವವರಿಗೆ ಊರೊಳಗಿನ ಹಳೆಯ ರಸ್ತೆಯೇ.

ಲೈಸೆನ್ಸ್ ಮುಗಿಯುವ ಒಂದು ವರ್ಷ ಮೊದಲಿನಿಂದಲೇ ರಿನ್ಯೂವಲ್‌ಗೆ ಅರ್ಜಿ ಹಾಕಬಹುದು. ಆದ್ದರಿಂದ ಈ ಬಾರಿ ರಂಝಾನ್ ರಜೆಯಲ್ಲಿ ಬಂದವರು, ಬರುವ ವರ್ಷ ಮುಗಿಯಲಿರುವ ಕಾರ್ಡನ್ನು ಈಗಲೇ ಹೊಸದು ಮಾಡಿಸಿ ಹೋಗಬಹುದು. ಹೊಸ ಕಾರ್ಡು ಅಂಚೆಯಲ್ಲಿ ದಾಖಲೆಯಲ್ಲಿರುವ ವಿಳಾಸಕ್ಕೆ ಬರುತ್ತದೆ. ಅದು ತವರಿನ ಹಳೆಯ ಬಾಡಿಗೆ ಮನೆಯ ವಿಳಾಸವೋ, ಈಗಿನ ಅತ್ತೆ ಮನೆಯದೋ ಎಂದು ಅರ್ಜಿ ಹಾಕುವ ಮೊದಲೇ ನೋಡಿಕೊಳ್ಳಿ.