ಸಿಪ್ಪೆಗೆ ಬೆಲೆ, ಬೀಜಕ್ಕೆ ಗೊಬ್ಬರಗುಂಡಿಯೇ?

ಮಳೆ ಹಿಡಿದು, ಕೊಳೆಗೆ ಔಷಧಿ ಹೊಡೆಯಲು ಹೊಳವು ಕಾಯುತ್ತಿರುವ ಹೊತ್ತಿಗೇ ಬೆಟ್ಟದಲ್ಲಿ ಉಪ್ಪಾಗೆ ಹಣ್ಣು ಉದುರತೊಡಗುತ್ತದೆ. ನಮ್ಮಲ್ಲಿ ಬಹುಮಂದಿ ಸಿಪ್ಪೆಯನ್ನು ಹೊಗೆಗೆ ಒಣಗಿಸಿ, ಬೀಜವನ್ನು ಗೊಬ್ಬರಗುಂಡಿಗೆ ಸುರಿಯುತ್ತಾರೆ. ಹಿಂದಿನವರು ಹಾಗೆ ಮಾಡುತ್ತಿರಲಿಲ್ಲ. ಬೀಜ ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ, ತೇಲಿದ ಕೊಬ್ಬನ್ನು ತೆಗೆದು ಉಂಡೆ ಕಟ್ಟಿ ಇಡುತ್ತಿದ್ದರು. ಉಪ್ಪಾಗೆ ತುಪ್ಪ, ಮುರುಗಲ ತುಪ್ಪ ಎಂದರೆ ಅಡಿಗೆಗೂ ಆಯಿತು, ಒಡೆದ ಹಿಮ್ಮಡಿಗೂ ಆಯಿತು.

ಸಿಪ್ಪೆಗೆ ಈ ಮರ್ಯಾದೆ ಬಂದದ್ದು ರಸಾಯನಶಾಸ್ತ್ರದಿಂದ. ಉಪ್ಪಾಗೆಯ ಹುಳಿ ಮುಖ್ಯವಾಗಿ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲವೆಂದು ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರಕಟಿಸಿದರು. ಮುಂದೆ ಅದು ಮೈ ಇಳಿಸುವ ಮಾತ್ರೆಯಾಗಿ ವಿದೇಶಕ್ಕೆ ಹೋಯಿತು. ಕಾಯಿ ಬಲಿಯುವ ಮೊದಲೇ ಕೊಂಬೆ ಕಡಿದು ಕೊಯ್ಯುವವರೂ ಹುಟ್ಟಿಕೊಂಡರು. ಆದರೆ 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನಡೆದ ಪರೀಕ್ಷೆಯಲ್ಲಿ, ಈ ಆಮ್ಲ ಸೇವಿಸಿದವರಿಗೂ ಬರಿಯ ಹುಸಿಮಾತ್ರೆ ನುಂಗಿದವರಿಗೂ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇಂಥ ಬೇಡಿಕೆಯನ್ನೊಂದನ್ನೇ ನಂಬಿ ಕೂರುವುದು ಜಾಣತನವೆಂದು ನಮಗೆ ತೋರುವುದಿಲ್ಲ.

ಬೀಜದ ಮಾತು ಬೇರೆ. ಮುರುಗಲ ಬೀಜದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬು. ಅದರಲ್ಲಿ ಹೆಚ್ಚಿನದು ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲ. ಉಪ್ಪಾಗೆಯಲ್ಲಿಯೂ ಇವೆರಡೇ ಮುಖ್ಯ. ತೆಂಗಿನೆಣ್ಣೆ 24 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಕರಗಿದರೆ, ಮುರುಗಲ ತುಪ್ಪ ಕರಗಲು 40 ಡಿಗ್ರಿಯ ಹತ್ತಿರ ಬೇಕು. ರಚನೆಯಲ್ಲಿ ಕೋಕೋ ಬೆಣ್ಣೆಗೆ ಇದು ಹತ್ತಿರದ ನೆಂಟ. ಆದ್ದರಿಂದಲೇ ಯುರೋಪಿನ ದೇಶಗಳು 2000ದ ನಿಯಮದಲ್ಲಿ ಚಾಕೊಲೇಟಿಗೆ ಶೇ. 5ರವರೆಗೆ ಸೇರಿಸಬಹುದಾದ ಆರು ಕೊಬ್ಬುಗಳಲ್ಲಿ ಮುರುಗಲನ್ನೂ ಹೆಸರಿಸಿದವು. ಉಪ್ಪಾಗೆಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಅದನ್ನೂ ಹೇಳಿಬಿಡುವುದು ಒಳ್ಳೆಯದು.

ಹಾಗೆಂದು ಬೀಜ ಕೂಡಿಟ್ಟರೆ ಸಾಲದು. ನಾವೂ ಒಂದು ವರ್ಷ ಉಪ್ಪಾಗೆ ಬೀಜವನ್ನು ಗೋಣಿ ಮುಚ್ಚಿ ಕೊಟ್ಟಿಗೆಯ ಮೂಲೆಯಲ್ಲಿ ರಾಶಿ ಹಾಕಿದ್ದೆವು. ಬಿಸಿಲು ಬಂದ ಮೇಲೆ ಹರವಿದರಾಯಿತು ಎಂಬ ಧೈರ್ಯ. ತೆಗೆದು ನೋಡಿದಾಗ ರಾಶಿಯ ಒಳಗೆ ಕೈ ಇಡಲಾರದಷ್ಟು ಕಾವು, ಮೇಲೆ ಬೂಷ್ಟು. ವ್ಯಾಪಾರಿ ಮೂಸಿ ನೋಡಿ ಅರ್ಧ ಬೆಲೆ ಹೇಳಿದ. ನಮಗೆ ಸಿಟ್ಟು ಬಂದದ್ದು ನಿಜ, ಆದರೆ ತಪ್ಪು ಅವನದಲ್ಲ. ತೇವ ಆರದ ಬೀಜದಲ್ಲಿ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆದು ಆಮ್ಲವನ್ನು ಬಿಡಿಸುತ್ತದೆ. ಬೂಷ್ಟು ಹಿಡಿದರೆ ಇನ್ನೂ ಬೇಗ. ಆ ಆಮ್ಲವನ್ನು ಕ್ಷಾರ ಹಾಕಿ ತೆಗೆಯುವಾಗ ಒಳ್ಳೆಯ ಎಣ್ಣೆಯೂ ಅಷ್ಟಿಷ್ಟು ಹೋಗುತ್ತದೆ. ಆ ನಷ್ಟ ಕೊನೆಗೆ ಬೆಳೆಗಾರನ ಲೆಕ್ಕಕ್ಕೇ ಬರುತ್ತದೆ.

ಆದ್ದರಿಂದ ಹಣ್ಣು ಒಡೆದ ದಿನವೇ ಬೀಜದ ಲೋಳೆ ತೊಳೆದು, ತೆಳುವಾಗಿ ಹರವಬೇಕು. ಮುರುಗಲಿಗೆ ಬೇಸಿಗೆಯ ಕೊನೆಯ ಬಿಸಿಲಾದರೂ ಸಿಕ್ಕೀತು. ಉಪ್ಪಾಗೆಗೆ ಒಲೆಯ ಮೇಲಿನ ಅಟ್ಟವೇ ಗತಿ. ಹೊಗೆ ನೇರ ತಾಗದಂತೆ ನೋಡಿಕೊಳ್ಳಿ.

ಹೊಸದಾಗಿ ನೆಡುವವರಿಗೆ ಒಂದು ಮಾತು. ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಸಸಿ ನೆಟ್ಟರೆ ಏಳೆಂಟು ವರ್ಷ ಕಾದ ಮೇಲೆ ಅರ್ಧದಷ್ಟು ಗಂಡೆಂದು ತಿಳಿಯುವುದುಂಟು. ಹೆಣ್ಣು ಮರದ ಕುಡಿಯಿಂದ ಕಸಿ ಮಾಡಿದರೆ ಈ ಜೂಜಿಲ್ಲ. ಮಹಾರಾಷ್ಟ್ರದ ದಾಪೋಲಿ ಕೃಷಿ ವಿಶ್ವವಿದ್ಯಾಲಯವು 1997ರಲ್ಲಿ ಕೊಂಕಣ ಅಮೃತಾ ಎಂಬ ತಳಿಯನ್ನೇ ಬಿಡುಗಡೆ ಮಾಡಿತು. ತೋಟದಂಚಿನಲ್ಲಿ ಈಗಾಗಲೇ ಇರುವ ಗಂಡು ಮರಗಳನ್ನು ಮಾತ್ರ ಪೂರಾ ಕಡಿಯಬೇಡಿ. ಪರಾಗಕ್ಕೆ ಒಂದೆರಡು ಇರಲೇಬೇಕು.

ಒಂದು ಮನೆಯ ಬೀಜಕ್ಕೆ ಗಾಣದ ಖರ್ಚು ಹುಟ್ಟಲಾರದು. ಕೇರಿಯ ನಾಲ್ಕಾರು ಮನೆಯವರು ಕೂಡಿ ಒಣಬೀಜ ಸೇರಿಸಿದರೆ ಹುಟ್ಟೀತು.