ತೋಟಕ್ಕೊಂದು ಡೀಸೆಲ್ ಪಿಕಪ್: ಕೊಳ್ಳುವುದು ಮತ್ತು ಸಾಕುವುದು

ಕಾಫಿಗೂ ಅಡಿಕೆಗೂ ಒಳ್ಳೆಯ ಧಾರಣೆ ಸಿಕ್ಕ ವರ್ಷ ಬೆಳೆಗಾರನ ಮನಸ್ಸು ಮೊದಲು ಮನೆಯ ಮಾಡಿನ ಕಡೆಗೆ ಹೋಗುತ್ತದೆ, ಆಮೇಲೆ ಗಾಡಿಯ ಕಡೆಗೆ. ಸಂಘದ ಕಚೇರಿಗೆ ಗೊಬ್ಬರಕ್ಕೋ ಸಾಲದ ವಿಚಾರಕ್ಕೋ ಬಂದ ಸದಸ್ಯರು ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, “ಯಾವ ಪಿಕಪ್ ಒಳ್ಳೇದು ಮಾರಾಯ್ರೆ?” ಎಂದು ಕೇಳುವುದು ಈಚೆಗೆ ಹೆಚ್ಚಾಗಿದೆ. ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಮಾತು ಇದಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಯಾವ ಕಂಪೆನಿ ಎಂಬುದು ಕೊನೆಗೆ ಕೇಳಬೇಕಾದ ಪ್ರಶ್ನೆ. ನಾವು ಏನು ಹೊರಿಸುತ್ತೇವೆ, ಯಾವ ಏರು ಹತ್ತಿಸುತ್ತೇವೆ, ವರ್ಷಕ್ಕೆ ಎಷ್ಟು ದಿನ ಓಡಿಸುತ್ತೇವೆ ಎಂಬುದು ಮೊದಲು ಗೊತ್ತಾಗಬೇಕು.

ತೂಕದ ವಿಷಯದಲ್ಲಿ ನಮ್ಮ ಅಂದಾಜು ಸಾಮಾನ್ಯವಾಗಿ ತಪ್ಪುತ್ತದೆ. ಒಣಗಿದ ಕಾಫಿಯಲ್ಲಿ ತೊಂದರೆಯಿಲ್ಲ. 50 ಕೆ.ಜಿ.ಯ 30 ಚೀಲವೆಂದರೆ ಒಂದೂವರೆ ಟನ್, ಎಣಿಸಿದರೆ ಸಾಕು. ಆದರೆ ಹಸಿ ಅಡಿಕೆ, ಹಣ್ಣು ಕಾಫಿ, ನೆನೆದ ಕೊಟ್ಟಿಗೆ ಗೊಬ್ಬರ, ಮರಳು ಇವು ಕಣ್ಣಿಗೆ ಕಾಣುವುದಕ್ಕಿಂತ ಭಾರ. ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲದ ಬಾಡಿಯಲ್ಲಿ ಒಂದೇ ಅಡಿ ಎತ್ತರಕ್ಕೆ ಒದ್ದೆ ಮರಳು ಹಾಕಿದರೂ ಅದು ಸುಮಾರು ಎರಡೂವರೆ ಟನ್ ಆಗುತ್ತದೆ. 1,700 ಕೆ.ಜಿ. ಹೊರುವ ಬೊಲೆರೊ ಪಿಕಪ್ಪಿಗಾಗಲಿ, 2022ರಲ್ಲಿ ಬಂದ 2,000 ಕೆ.ಜಿ.ಯ ಟಾಟಾ ಯೋಧಾ 2.0ಕ್ಕಾಗಲಿ ಅದು ಮೀರಿದ ಹೊರೆ. ಬಾಡಿಯ ಅಂಚು ಇನ್ನೂ ಮೇಲಿದೆಯಲ್ಲ ಎಂದು ತುಂಬುತ್ತ ಹೋಗುವವರು ಇದನ್ನು ನೆನಪಿಡಬೇಕು.

ಆರ್.ಸಿ. ಪುಸ್ತಕದಲ್ಲಿ ಎರಡು ಅಂಕಿಗಳಿರುತ್ತವೆ: ಖಾಲಿ ಗಾಡಿಯ ತೂಕ ಮತ್ತು ಹೊರೆ ಸಹಿತ ಒಟ್ಟು ತೂಕ. ಎರಡರ ವ್ಯತ್ಯಾಸವೇ ನಮಗೆ ಸಿಗುವ ಭಾರ. ಕ್ಯಾಬಿನ್ನಿನಲ್ಲಿ ಕೂತವರೂ, ಆಮೇಲೆ ನಾವು ಕಟ್ಟಿಸುವ ಕಬ್ಬಿಣದ ಕಟಕಟೆಯೂ ಅದರಲ್ಲೇ ಕಳೆಯಬೇಕು. ಸ್ಪ್ರಿಂಗಿಗೆ ಇನ್ನೆರಡು ಪಟ್ಟಿ ಸೇರಿಸಿದರೆ ಗಾಡಿಯ ಹಿಂಭಾಗ ಕೂರುವುದಿಲ್ಲ, ನಿಜ. ಆದರೆ ಬ್ರೇಕು, ಆಕ್ಸಲ್ಲು, ಟೈರು ಮೊದಲಿನವೇ ಆಗಿರುತ್ತವೆ, ಕಾನೂನಿನ ಮಿತಿಯೂ ಹಿಂದಿನದೇ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೆಯ ಕಲಮಿನಲ್ಲಿ ಮೀರಿದ ಹೊರೆಗೆ 20,000 ರೂ. ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂ., ಜೊತೆಗೆ ಇಳಿಸುವ ಖರ್ಚು ಎಂದಿದೆ.

ಇನ್ನು ಏರು. ಜಾಹೀರಾತಿನಲ್ಲಿ ಅಶ್ವಶಕ್ತಿ ದೊಡ್ಡ ಅಕ್ಷರದಲ್ಲಿರುತ್ತದೆ. ನಮಗೆ ಬೇಕಾದದ್ದು ಕಡಮೆ ಸುತ್ತಿನಲ್ಲಿ ಸಿಗುವ ಎಳೆತ, ಅಂದರೆ ಟಾರ್ಕ್, ಮತ್ತು ತಗ್ಗಿನ ಮೊದಲ ಗೇರು. ತೋಟದ ಕೆಲಸಕ್ಕೆ ಡೀಸೆಲ್ ಒಗ್ಗುವುದು ಇದೇ ಕಾರಣಕ್ಕೆ. ಷೋರೂಮಿನ ಮುಂದಿನ ಡಾಂಬರು ರಸ್ತೆಯಲ್ಲಿ ಖಾಲಿ ಗಾಡಿ ಓಡಿಸಿ ನೋಡಿದರೆ ಏನೂ ತಿಳಿಯುವುದಿಲ್ಲ. ಇಪ್ಪತ್ತು ಚೀಲ ಹೇರಿಸಿ, ನಿಮ್ಮ ತೋಟದ ಅತಿ ಕಡಿದಾದ ಏರಿನ ಅರ್ಧದಲ್ಲಿ ನಿಲ್ಲಿಸಿ, ಮತ್ತೆ ಎಬ್ಬಿಸಲು ಹೇಳಿ. ಮಾರುವವರು ಒಪ್ಪದಿದ್ದರೆ ಅದೇ ಮಾದರಿ ಇರುವ ನೆರೆಯವರನ್ನು ಕೇಳಿ, ಅವರ ಡೀಸೆಲ್ ಖರ್ಚು ಕೊಟ್ಟು ನೋಡಿ.

ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿ ಬೇಕೇ? ನನ್ನ ಅಭಿಪ್ರಾಯದಲ್ಲಿ ಸಣ್ಣ ಹಿಡುವಳಿಯ ಬಹುಪಾಲು ತೋಟಗಳಿಗೆ ಬೇಡ. ಹಿಂದಿನ ಚಕ್ರ ಎಳೆಯುವ ಪಿಕಪ್ ಜಾರುವುದು ಹೆಚ್ಚಾಗಿ ಖಾಲಿ ಇದ್ದಾಗ. ಹಿಂದೆ ಭಾರವಿಲ್ಲದೆ ಟೈರಿಗೆ ನೆಲದ ಹಿಡಿತ ಸಿಗುವುದಿಲ್ಲ. ಮಳೆಗಾಲದಲ್ಲಿ ಹಿಂದಿನ ಆಕ್ಸಲ್ಲಿನ ಮೇಲೆ ನಾಲ್ಕೈದು ಮರಳಿನ ಚೀಲ ಕಟ್ಟಿಟ್ಟುಕೊಂಡರೆ ಅರ್ಧ ತೊಂದರೆ ನೀಗುತ್ತದೆ. ಉಳಿದರ್ಧಕ್ಕೆ ಏರಿನಲ್ಲಿ ಚಕ್ರ ಓಡುವ ಎರಡು ಸಾಲಿಗೆ ಜಂಬಿಟ್ಟಿಗೆಯ ಚೂರು ಹಾಸಿ, ನೀರು ಹೋಗಲು ಪಕ್ಕದಲ್ಲಿ ಚರಂಡಿ ತೆಗೆಸುವುದು ಫೋರ್ ವೀಲಿಗೆ ಕೊಡುವ ಹೆಚ್ಚಿನ ಹಣಕ್ಕಿಂತ ಅಗ್ಗ. ರಸ್ತೆಯನ್ನು ಹೀಗೆ ಸರಿಪಡಿಸಲಾಗದ ಕಡೆ ಮಾತ್ರ ಫೋರ್ ವೀಲ್ ತೆಗೆದುಕೊಳ್ಳಿ. ತೆಗೆದುಕೊಂಡರೆ ಒಣ ಡಾಂಬರಿನ ಮೇಲೆ ಅದನ್ನು ಹಾಕಿ ಓಡಿಸಬೇಡಿ, ಗೇರುಪೆಟ್ಟಿಗೆ ಬಿಗಿದುಕೊಳ್ಳುತ್ತದೆ. ಟೊಯೊಟಾ ಹೈಲಕ್ಸ್, ಇಸುಜು ವಿ-ಕ್ರಾಸ್ ಮುಂತಾದವು ಚೆಂದದ ಗಾಡಿಗಳೇ. ಆದರೆ ಅವು ಕಾರಿನ ಬದಲಿಗೆ ಇಟ್ಟುಕೊಳ್ಳುವವರಿಗೆ, ಗೊಬ್ಬರ ಹೇರುವವರಿಗಲ್ಲ.

ಘಟ್ಟ ಇಳಿಯುವ ವಿಷಯದಲ್ಲಿ ಒಂದು ಮಾತು. ಡೀಸೆಲ್ ಉಳಿಸಲು ನ್ಯೂಟ್ರಲ್ಲಿಗೆ ಹಾಕಿ ಇಳಿಯುವ ಚಾಲಕರು ಇನ್ನೂ ಇದ್ದಾರೆ. ಗೇರಿನಲ್ಲಿ ಇಳಿದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕು ಕಾಯುವುದಿಲ್ಲ. ನ್ಯೂಟ್ರಲ್ಲಿನಲ್ಲಿ ಎಂಜಿನ್ ನಿಂತುಹೋದರೆ ಬ್ರೇಕಿನ ಸಹಾಯಶಕ್ತಿಯೂ ಸ್ಟೇರಿಂಗಿನ ಸಹಾಯಶಕ್ತಿಯೂ ಒಟ್ಟಿಗೆ ಹೋಗುತ್ತವೆ. ಆಗುಂಬೆಯ 14 ತಿರುವುಗಳಲ್ಲಿ ಅದು ಎಲ್ಲಿ ಸಂಭವಿಸಿದರೂ ಕಷ್ಟವೇ.

2020ರ ಏಪ್ರಿಲ್ 1ರ ನಂತರ ದೇಶದಲ್ಲಿ ಬಿ.ಎಸ್. 6 ಮಾನದಂಡದ ಹೊಸ ಗಾಡಿಗಳೇ ಮಾರಾಟವಾಗುತ್ತಿವೆ. ಇವುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಜರಡಿ ಇದೆ. ಡಿ.ಪಿ.ಎಫ್. ಎನ್ನುತ್ತಾರೆ. ಹಳೆಯ ಜೀಪು ಕಂಡವರಿಗೆ ಇದು ಹೊಸ ವಿಷಯವಾದ್ದರಿಂದ ಸ್ವಲ್ಪ ಗಮನವಿಟ್ಟು ಓದಬೇಕು. ಜೇನುಗೂಡಿನಂಥ ಆ ಜರಡಿಯಲ್ಲಿ ಮಸಿ ತುಂಬಿದ ಮೇಲೆ ಗಾಡಿಯೇ ಹೊಗೆಯ ಶಾಖವನ್ನು ಸುಮಾರು 600 ಡಿಗ್ರಿಗೆ ಏರಿಸಿ ಅದನ್ನು ಸುಟ್ಟು ತೆಗೆಯುತ್ತದೆ. ಇದಕ್ಕೆ ಎಂಜಿನ್ ಬಿಸಿಯಾಗಿ ಸ್ವಲ್ಪ ಹೊತ್ತು ನಿಲ್ಲದೆ ಓಡಬೇಕು. ನಾವು ಮಾಡುವುದೇನು? ಕಣದಿಂದ ತೋಟಕ್ಕೆ ಅರ್ಧ ಮೈಲಿ, ಅಲ್ಲಿ ಬಂದ್ ಮಾಡಿ, ಮತ್ತೆ ಅರ್ಧ ಮೈಲಿ. ಇಂಥ ಓಡಾಟದಲ್ಲಿ ಮಸಿ ಸೇರುತ್ತದೆಯೇ ಹೊರತು ಸುಡುವುದಿಲ್ಲ. ಸುಡುವ ಕೆಲಸ ಅರ್ಧಕ್ಕೆ ನಿಂತಾಗಲೆಲ್ಲ ಉರಿಯದ ಡೀಸೆಲ್ ಎಂಜಿನ್ ಆಯಿಲಿಗೆ ಇಳಿದು ಅದನ್ನು ತೆಳುಮಾಡುತ್ತದೆ. ಆಯಿಲ್ ಕಡ್ಡಿಯಲ್ಲಿ ಮಟ್ಟ ತಾನಾಗಿ ಏರಿದ್ದರೆ ಸಂತೋಷಪಡಬೇಡಿ. ಮುಂದಿನ ಫಲಕದಲ್ಲಿ ಆ ದೀಪ ಹತ್ತಿದ ದಿನವೇ ಹೆದ್ದಾರಿಗೆ ಹೋಗಿ, ಕೈಪಿಡಿಯಲ್ಲಿ ಹೇಳಿದಂತೆ ನಿಲ್ಲಿಸದೆ ಓಡಿಸಿಕೊಂಡು ಬನ್ನಿ. ಪೇಟೆಯ ಕೆಲಸವನ್ನು ಆ ದಿನಕ್ಕೆ ಇಟ್ಟುಕೊಂಡರೆ ಡೀಸೆಲ್ ದಂಡವಾಗುವುದಿಲ್ಲ.

ಇದರಿಂದಲೇ ಬರುವ ಇನ್ನೊಂದು ಎಚ್ಚರಿಕೆ: ಜನವರಿಯಿಂದ ಏಪ್ರಿಲ್‌ವರೆಗೆ ಒಣ ದರಗಿನ ಮೇಲೆ, ಹುಲ್ಲಿನ ಮೇಲೆ, ಅಡಿಕೆ ಸಿಪ್ಪೆಯ ರಾಶಿಯ ಪಕ್ಕದಲ್ಲಿ ಈ ಗಾಡಿ ನಿಲ್ಲಿಸಬೇಡಿ. ಜರಡಿ ಸುಡುತ್ತಿರುವಾಗ ಹೊಗೆಕೊಳವೆಯ ಬಿಸಿ ಬೆಂಕಿ ಹೊತ್ತಿಸಲು ಸಾಕು. ಕೆಲವು ಮಾದರಿಗಳಿಗೆ ಡಿ.ಇ.ಎಫ್. ಎಂಬ ದ್ರವವನ್ನೂ ಬೇರೆ ತೊಟ್ಟಿಗೆ ಹಾಕಬೇಕು. ಅದರಲ್ಲಿರುವುದು ಶೇಕಡ 32.5 ಯೂರಿಯಾ, ಉಳಿದದ್ದು ಲವಣ ತೆಗೆದ ನೀರು. ಯೂರಿಯಾ ತಾನೇ, ಗೊಬ್ಬರದ ಚೀಲದ್ದನ್ನೇ ಕದಡಿ ಹಾಕೋಣ ಎಂಬ ಜಾಣತನ ಬೇಡ. ಅದರ ಕಲ್ಮಶ ಮೇಲಿನ ದುಬಾರಿ ಭಾಗಗಳನ್ನೆಲ್ಲ ಹಾಳುಮಾಡುತ್ತದೆ. ಪಂಪ್‌ಸೆಟ್ಟಿಗೆಂದು ಬ್ಯಾರಲ್ಲಿನಲ್ಲಿಟ್ಟ ಡೀಸೆಲ್ಲನ್ನೂ ಹಾಗೆಯೇ ಸುರಿಯಬೇಡಿ. ಮಳೆಗಾಲದಲ್ಲಿ ಬ್ಯಾರಲ್ಲಿನ ತಳದಲ್ಲಿ ನೀರು ಕೂರುತ್ತದೆ, ಈಗಿನ ಇಂಜೆಕ್ಟರುಗಳು ನೀರನ್ನು ತಾಳುವುದಿಲ್ಲ.

ಈಗ ಲೆಕ್ಕ. ಕೆಳಗಿನವು ಉದಾಹರಣೆಯ ಅಂಕಿಗಳು, ತಮ್ಮ ತಮ್ಮ ಅಂಕಿ ಹಾಕಿಕೊಳ್ಳಬೇಕು. ಹತ್ತು ಲಕ್ಷಕ್ಕೆ ಕೊಂಡು ಎಂಟು ವರ್ಷದ ಮೇಲೆ ಮೂರು ಲಕ್ಷಕ್ಕೆ ಮಾರಿದರೆ ಸವಕಳಿಯೇ ವರ್ಷಕ್ಕೆ 87,500 ರೂ. ಬಡ್ಡಿ 45,000, ವಿಮೆ ಮತ್ತು ಎಫ್.ಸಿ. 40,000, ಟೈರು-ಆಯಿಲು-ರಿಪೇರಿ 45,000 ಎಂದಿಟ್ಟುಕೊಳ್ಳೋಣ. ಒಟ್ಟು 2,17,500 ರೂ. ಗಾಡಿ ಕೊಟ್ಟಿಗೆಯಲ್ಲಿ ನಿಂತಿದ್ದರೂ ಇದರ ಬಹುಭಾಗ ತಪ್ಪುವುದಿಲ್ಲ. ಬಾಡಿಗೆ ಪಿಕಪ್ ದಿನಕ್ಕೆ 2,500 ರೂ. ಆದರೆ, ಸ್ವಂತ ಗಾಡಿಯಲ್ಲಿ ಡೀಸೆಲ್, ಚಾಲಕನ ಸಂಬಳ ಸೇರಿ ದಿನಕ್ಕೆ 1,200 ಆದರೆ, ಉಳಿತಾಯ 1,300. ಅಂದರೆ ವರ್ಷಕ್ಕೆ 167 ದಿನ ಓಡಿದರೆ ಮಾತ್ರ ಸರಿಗೆ ಸರಿ. ಐದಾರು ಎಕರೆಯ ನಮ್ಮ ಸದಸ್ಯರಲ್ಲಿ ಎಷ್ಟು ಮಂದಿಗೆ ಅಷ್ಟು ದಿನದ ಹೊರೆ ಇದೆ? ಕ್ಯೂರಿಂಗ್ ವರ್ಕ್ಸಿಗೆ, ಅಡಿಕೆ ಮಂಡಿಗೆ, ಗೊಬ್ಬರಕ್ಕೆ ಎಂದು ಪಟ್ಟಿ ಮಾಡಿ ಎಣಿಸಿ ನೋಡಿ. ಬೇಕಾದಾಗ ಬಾಡಿಗೆ ಗಾಡಿ ಸಿಗುವುದಿಲ್ಲ ಎಂಬ ಮಾತಿನಲ್ಲಿ ನಿಜವಿದೆ, ಕೊಯ್ಲಿನ ಕಾಲದಲ್ಲಿ ಅದಕ್ಕೂ ಬೆಲೆಯಿದೆ. ಆದರೂ ಹಲವರಿಗೆ ಟಾಟಾ ಏಸ್‌ನಂಥ ಮುಕ್ಕಾಲು ಟನ್ನಿನ ಸಣ್ಣ ಗಾಡಿ ಸಾಕು, ಅಥವಾ ಇಬ್ಬರು ಮೂವರು ಸೇರಿ ಒಂದು ಕೊಳ್ಳಬಹುದು. ಸೇರಿ ಕೊಳ್ಳುವವರು ಕರಾರು ಬರೆದುಕೊಳ್ಳಿ. ಆರ್.ಸಿ. ಯಾರ ಹೆಸರಿನಲ್ಲಿದೆಯೋ ಅವರನ್ನೇ ಕಾನೂನು ಮಾಲೀಕರೆಂದು ಹಿಡಿಯುತ್ತದೆ.

ಕಾಗದಪತ್ರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ, ಮೀರಿದ್ದಕ್ಕೆ ಬೇಕು. ಕೊಳ್ಳುವಾಗಲೇ ಈ ಅಂಕಿ ನೋಡಿ. ಹಳದಿ ಫಲಕದ ಗಾಡಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ ಎಫ್.ಸಿ. ಆಗಬೇಕು. ಚಾಲಕನಿಗೆ ಹಗುರ ವಾಹನದ ಲೈಸೆನ್ಸ್ ಸಾಕೇ ಎಂಬ ಬಹುಕಾಲದ ಗೊಂದಲವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಬಗೆಹರಿಸಿತು. ಒಟ್ಟು ತೂಕ 7,500 ಕೆ.ಜಿ.ಯೊಳಗಿನ ಸರಕು ಗಾಡಿಗೆ ಅದು ಸಾಕು.

ಇವೆಲ್ಲಕ್ಕಿಂತ ದೊಡ್ಡ ವಿಷಯವೊಂದಿದೆ. ಕೊಯ್ಲಿನ ಕಾಲದಲ್ಲಿ ಬೆಳಿಗ್ಗೆ ಏಳು ಗಂಟೆಗೆ ನಮ್ಮ ಯಾವ ರಸ್ತೆಯಲ್ಲಿ ನಿಂತರೂ ಪಿಕಪ್ಪಿನ ಹಿಂದೆ ಹದಿನೈದು ಇಪ್ಪತ್ತು ಹೆಂಗಸರು ಗಂಡಸರು ಕಟಕಟೆ ಹಿಡಿದು ನಿಂತು ಹೋಗುವುದು ಕಾಣುತ್ತದೆ. ಇಪ್ಪತ್ತು ಮಂದಿಯ ತೂಕ ಒಂದು ಟನ್ನಿನಷ್ಟೇ ಇರಬಹುದು. ಆದರೆ ಚೀಲ ತಳದಲ್ಲಿ ಕೂರುತ್ತದೆ, ನಿಂತ ಮನುಷ್ಯರ ಭಾರ ಎತ್ತರದಲ್ಲಿರುತ್ತದೆ, ತಿರುವಿನಲ್ಲಿ ಎಲ್ಲರೂ ಒಂದೇ ಕಡೆಗೆ ವಾಲುತ್ತಾರೆ. ಒಂದು ಟನ್ ಕಾಫಿ ಹೊತ್ತು ಸಲೀಸಾಗಿ ತಿರುಗಿದ ಜಾಗದಲ್ಲೇ ಅದೇ ಗಾಡಿ ಜನರೊಂದಿಗೆ ಮಗುಚಬಹುದು.

ಸರಕು ಗಾಡಿಯಲ್ಲಿ ಜನ ಸಾಗಿಸುವುದು ಕಾನೂನಿಗೆ ವಿರುದ್ಧ. ಪಾಲಿಸಿ ಲೆಕ್ಕಕ್ಕೆ ಹಿಡಿಯುವುದು ಚಾಲಕನನ್ನು, ಸರಕಿನ ಜೊತೆ ಬರುವ ಅದರ ಮಾಲೀಕನನ್ನು ಅಥವಾ ಅವನ ಪ್ರತಿನಿಧಿಯನ್ನು, ಮತ್ತು ಹಣ ಕಟ್ಟಿದಷ್ಟು ಸಂಖ್ಯೆಯ ನಿಮ್ಮ ಸ್ವಂತ ನೌಕರರನ್ನು. ಸುಮ್ಮನೆ ಹತ್ತಿಸಿಕೊಂಡವರಿಗೆ ಸರಕು ಗಾಡಿಯ ವಿಮೆ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಪಕ್ಕದ ತೋಟದ ಆಳುಗಳು, ದಾರಿಯಲ್ಲಿ ಕೈ ತೋರಿಸಿದವರು, ಶಾಲೆಗೆ ಹೊರಟ ಮಕ್ಕಳು ಎಲ್ಲರೂ ಇದರೊಳಗೆ ಬರುತ್ತಾರೆ. ಅನಾಹುತವಾದರೆ ಪರಿಹಾರ ಕೊಡಬೇಕಾದವನು ಆರ್.ಸಿ.ಯಲ್ಲಿ ಹೆಸರಿರುವವನು, ಕೊಡಲಾಗದಿದ್ದರೆ ತೋಟ ಜಪ್ತಿಗೆ ಬರುತ್ತದೆ. ತೋಟದ ಮಾತು ಎರಡನೆಯದು. ದಿನಗೂಲಿ ನಂಬಿದ ಮನೆಯೊಂದರಲ್ಲಿ ದುಡಿಯುವವಳ ಕಾಲು ಮುರಿದರೆ ಆ ಮನೆ ಏನಾಗುತ್ತದೆಂದು ನಮಗೆ ಯಾರೂ ಹೇಳಬೇಕಿಲ್ಲ. ನಾಲ್ಕೈದು ಮಂದಿಯಷ್ಟೇ ಆಳು ಕರೆತರುವವರು ಬೊಲೆರೊ ಕ್ಯಾಂಪರ್‌ನಂಥ ಎರಡು ಸಾಲು ಸೀಟಿನ ಪಿಕಪ್ ನೋಡಬಹುದು. ಹೊರೆ ಸ್ವಲ್ಪ ಕಡಮೆ ಹಿಡಿಯುತ್ತದೆ, ಆದರೆ ಸೀಟಿರುವಷ್ಟು ಜನ ಕೂತೇ ಬರುತ್ತಾರೆ. ಹೆಚ್ಚು ಮಂದಿ ಬೇಕಾದವರು ಅಕ್ಕಪಕ್ಕದ ತೋಟದವರೊಡನೆ ಸೇರಿ ಕೊಯ್ಲಿನ ತಿಂಗಳುಗಳಿಗೆ ಪ್ರಯಾಣಿಕರ ಪರವಾನಗಿ ಇರುವ ಗಾಡಿಯನ್ನು ಗೊತ್ತುಮಾಡಿಕೊಳ್ಳುವುದು ಸರಿ.

ಕೊಂಡ ಮೇಲೆ ಸಾಕುವ ಬಗ್ಗೆ. ನಮ್ಮ ಮಳೆಯಲ್ಲಿ ಎಂಜಿನ್ನಿಗಿಂತ ಮೊದಲು ಸಾಯುವುದು ಬಾಡಿ. ಅದಕ್ಕೆ ದೊಡ್ಡ ಶತ್ರು ಮೈಲುತುತ್ತ. ಕೊಳೆ ರೋಗಕ್ಕೆ ಬೋರ್ಡೋ ಹೊಡೆಯುವ ದಿನಗಳಲ್ಲಿ ಮೈಲುತುತ್ತದ ನೀರು ಬಾಡಿಗೆ ಚೆಲ್ಲಿದರೆ ಕಬ್ಬಿಣವನ್ನು ನೇರವಾಗಿ ತಿನ್ನುತ್ತದೆ. ಪೊಟ್ಯಾಷ್ ಗೊಬ್ಬರದ ಪುಡಿಯೂ ಸಂದಿಯಲ್ಲಿ ಸೇರಿ ತೇವ ಹಿಡಿದು ಅದೇ ಕೆಲಸ ಮಾಡುತ್ತದೆ. ತಳಕ್ಕೆ ದಪ್ಪ ಟಾರ್ಪಾಲು ಹಾಸಿ, ಸಂಜೆ ತಪ್ಪದೆ ನೀರು ಹೊಡೆದು ತೊಳೆಸಿ. ಬೋರ್ಡೋ ತುಂಬಿದ 200 ಲೀಟರಿನ ಡ್ರಮ್ಮು 200 ಕೆ.ಜಿ.ಗೂ ಮಿಕ್ಕಿ ತೂಗುತ್ತದೆ. ಅರ್ಧ ತುಂಬಿದ್ದು ತಿರುವಿನಲ್ಲಿ ತುಳುಕಿ ಗಾಡಿಯನ್ನು ಎಳೆಯುತ್ತದೆ, ಆದ್ದರಿಂದ ಹಗ್ಗ ಬಿಗಿಯಾಗಿರಲಿ.

ಹಳೆಯ ಗಾಡಿ ಕೊಳ್ಳುವವರು ಬಾಡಿಯ ಕೆಳಗೆ ತೂರಿ ಚಾಸಿಯ ತುಕ್ಕು ನೋಡಬೇಕು, ಮೇಲಿನ ಬಣ್ಣ ನೋಡಿದರೆ ಸಾಲದು. ಸಾಲ ತೀರಿದ ಬಗ್ಗೆ ಬ್ಯಾಂಕಿನ ಸಹಿಯಿರುವ 35ನೇ ನಮೂನೆ, ವರ್ಗಾವಣೆಯ 29 ಮತ್ತು 30ನೇ ನಮೂನೆ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.

ಗಾಡಿ ಗೊತ್ತುಮಾಡುವ ಮೊದಲು ತಮ್ಮ ಹಸಿ ಅಡಿಕೆಯದೋ ಹಣ್ಣು ಕಾಫಿಯದೋ ನಾಲ್ಕು ಚೀಲ ತಂದರೆ ಸಂಘದ ಗೋದಾಮಿನ ಕಾಟಾದಲ್ಲಿ ತೂಗಿ ಕೊಡಲು ಗುಮಾಸ್ತರಿಗೆ ತಿಳಿಸಿದ್ದೇನೆ, ಶುಲ್ಕವಿಲ್ಲ. ಈಗಾಗಲೇ ಪಿಕಪ್ ಇರುವವರು ಆರ್.ಸಿ. ಮತ್ತು ವಿಮೆಯ ಪ್ರತಿ ತಂದರೆ ಎಷ್ಟು ಜನಕ್ಕೆ ಹಣ ಕಟ್ಟಿದೆ ಎಂಬುದನ್ನು ಕೂತು ಓದಿ ಹೇಳುತ್ತೇನೆ.