ಭುಜ ಕಾಣುವ ಬ್ಲೌಸ್: ಬೇಡ ಅನ್ನುವ ಮುನ್ನ...

"ಅಮ್ಮಾ, ರಿಸೆಪ್ಷನ್‌ಗೆ ನಂಗೆ ಆಫ್ ಶೋಲ್ಡರ್ ಬ್ಲೌಸೇ ಬೇಕು!"

ಮಗಳು ಮೊಬೈಲ್‌ನಲ್ಲಿ ಫೋಟೊ ತೋರಿಸಿದ ಕೂಡಲೇ ಎದೆ ಧಸಕ್ ಅಂದಿತಾ? ಮಧುಗಿರಿಯೋ ಶಿರಾವೋ, ಕೊರಟಗೆರೆಯೋ ಪಾವಗಡವೋ, ಛತ್ರ ಎಲ್ಲಿದ್ದರೂ ತುಂಬಾ ನೆಂಟರೇ. "ಭುಜ ಬಿಟ್ಕೊಂಡು ನಿಂತವ್ಳೆ ನೋಡು" ಅನ್ನೋ ಮಾತು ಈಗಲೇ ಕಿವಿಗೆ ಬಿದ್ದಂತಾಗುತ್ತದೆ, ಅಲ್ವಾ? ಬೈಯುವ ಮೊದಲು ಸ್ವಲ್ಪ ತಾಳಿ.

ಇದು ನಿನ್ನೆ ಮೊನ್ನೆ ಬಂದ ಫ್ಯಾಷನ್ ಅಂದ್ಕೊಂಡಿದ್ದೀರಾ? ನಮ್ಮ ಜಿಲ್ಲೆಯ ಕೈದಾಳದವನೆಂದು ಐತಿಹ್ಯ ಹೇಳುವ ಜಕಣಾಚಾರಿಯ ಕಥೆ ನಿಮಗೆ ಗೊತ್ತೇ ಇದೆ. ಆ ಕಥೆ ನಮ್ಮನ್ನು ಒಯ್ಯುವ ಬೇಲೂರಿನಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯ ದರ್ಪಣ ಸುಂದರಿಯನ್ನು ತಲೆಯೆತ್ತಿ ನೋಡಿ. ಭುಜದ ಮೇಲೆ ಒಡವೆ ಬಿಟ್ಟರೆ ಬಟ್ಟೆಯೇ ಇಲ್ಲ! ಅವಳನ್ನು ಮಕ್ಕಳಿಗೆ ತೋರಿಸಿ "ಎಷ್ಟ್ ಚೆಂದ" ಅಂದವರು ನಾವೇ ತಾನೇ?

ಉತ್ತರ ಕನ್ನಡದ ಹಾಲಕ್ಕಿ ಸಮುದಾಯದ ಹಿರಿಯ ಹೆಂಗಸರದ್ದು ರವಿಕೆ ಇಲ್ಲದ ಸೀರೆ, ಕೊರಳ ತುಂಬಾ ಮಣಿಸರ. ಸಾವಿರಾರು ಗಿಡ ಬೆಳೆಸಿದ ತುಳಸಿ ಗೌಡ ಅದೇ ಉಡುಗೆಯಲ್ಲಿ, ಬರಿಗಾಲಲ್ಲಿ 2021ರ ನವೆಂಬರ್‌ನಲ್ಲಿ ದೆಹಲಿಗೆ ಹೋಗಿ ಪದ್ಮಶ್ರೀ ಪಡೆದರು. ಆ ಫೋಟೊ ನೋಡಿ ಜನ ಕೈ ಮುಗಿದರು.

ಆಡಿಕೊಳ್ಳುವವರು ಎಲ್ಲಾ ಊರಲ್ಲೂ ಇರ್ತಾರೆ. ಪ್ಯಾರಿಸ್‌ನಲ್ಲೇ 1884ರಲ್ಲಿ ಸಾರ್ಜೆಂಟ್ ಎಂಬ ಕಲಾವಿದ ಒಬ್ಬಾಕೆಯ ಗೌನಿನ ಪಟ್ಟಿ ಭುಜದಿಂದ ಜಾರಿದಂತೆ ಚಿತ್ರ ಬರೆದಿದ್ದಕ್ಕೆ ದೊಡ್ಡ ಗಲಾಟೆಯಾಯಿತು. ಕೊನೆಗೆ ಪಟ್ಟಿಯನ್ನು ಮೇಲೇರಿಸಿ ತಿದ್ದಿದ! ಅದೇ ಫ್ರಾನ್ಸ್‌ನ ನಟಿ ಬ್ರಿಜಿಟ್ ಬಾರ್ಡೊ ಹೆಸರು ಮುಂದೆ ಈ ಕತ್ತಿನ ಶೈಲಿಗೇ ಅಂಟಿಕೊಂಡಿತು.

ದಪ್ಪಗಿರಲಿ, ತೆಳ್ಳಗಿರಲಿ, ಕತ್ತಿನಿಂದ ಭುಜಕ್ಕಿಳಿಯುವ ಗೆರೆ ಎಲ್ಲರಿಗೂ ಚೆಂದ. ಅಜ್ಜಿ ಕಾಲದ ಅಡ್ಡಿಕೆಯೂ ಎದ್ದು ಕಾಣುತ್ತದೆ. ಹಾಗಾಗಿಯೇ ಈ ಶೈಲಿ ಹೋಗಿ ಹೋಗಿ ಮತ್ತೆ ಬರುತ್ತದೆ.

ಹೊಲಿಸುವುದಾದರೆ ಇಷ್ಟು ನೆನಪಿರಲಿ:

* ಮೇಲಂಚಿಗೆ ಒಳ್ಳೆ ಎಲಾಸ್ಟಿಕ್, ಒಳಗೆ ಲೈನಿಂಗ್, ಕಪ್ ಹಾಕಿಸಿ.

* ಟ್ರಯಲ್‌ನಲ್ಲಿ ಆರತಿ ಎತ್ತುವ ಹಾಗೆ ಕೈ ಎತ್ತಿಸಿ, ಹಿರಿಯರ ಕಾಲಿಗೆ ಬೀಳುವ ಹಾಗೆ ಬಗ್ಗಿಸಿ. ಬ್ಲೌಸ್ ಜಾರಿದರೆ ಟೈಲರ್‌ಗೆ ವಾಪಸ್ ಕೊಡಿ.

* ಸಂಕೋಚವಿದ್ದರೆ ಭುಜಕ್ಕೆ ಮೈಬಣ್ಣದ ನೆಟ್ ಇಡಿಸಬಹುದು.

* ಧಾರೆಗೆ ಮಾಮೂಲಿ ರವಿಕೆ, ರಿಸೆಪ್ಷನ್‌ಗೆ ಅವಳಿಷ್ಟ. ಮನೆಯವರನ್ನು ಒಪ್ಪಿಸಲು ಇದೇ ಸುಲಭದ ದಾರಿ!

ಎಲ್ಲಕ್ಕಿಂತ ಮುಖ್ಯವಾಗಿ ಒಂದು ಮಾತು ಕೇಳಿ: "ನಿಂಗೇ ಇಷ್ಟಾನಾ, ಇಲ್ಲಾ ಗೆಳತೀರು ಹೇಳಿದ್ದಕ್ಕಾ?" ಗಳಿಗೆಗೊಮ್ಮೆ ಎಳೆದುಕೊಳ್ಳುವ ಬಟ್ಟೆ ಯಾರಿಗೂ ಒಪ್ಪಲ್ಲ. ಅವಳಿಗೇ ಹಿತವೆನಿಸಿದರೆ, ಛತ್ರದಲ್ಲಿ ಮೊದಲು "ಚೆಂದ ಕಾಣ್ತೀಯ ಮಗಳೇ" ಅನ್ನೋರು ನೀವಾಗಿ. ನೆಂಟರ ಮಾತು ಊಟದ ಎಲೆ ಎತ್ತುವ ತನಕ. ಮದುವೆ ಆಲ್ಬಂನಲ್ಲಿ ಮಗಳ ಮುಖ ನಗುತ್ತಿತ್ತೋ, ಸಪ್ಪಗಿತ್ತೋ ಅನ್ನೋದು ಮಾತ್ರ ಕೊನೇ ತನಕ ಉಳಿಯುತ್ತೆ.